ಪೆವಿಲಿಯನ್ ಬಂದ ವರ್ಷ

ಮಾರ್ಚ್ ೧೪, ೨೦೧೬, ಸೋಮವಾರ. ಬೀದರ

ಆರಕ್ಕೆ ಗ್ರೌಂಡ್. ಹದಿನೆಂಟು ಹುಡುಗಿಯರ ಫುಟ್‌ಬಾಲ್ ಟೀಮು, ಬಂದವರು ಹದಿಮೂರು. ಉಳಿದ ಐವರ ಮನೆಯವರು ಹೈದರಾಬಾದಿಗೆ ದುಡಿಯಲು ಹೋದರು, ಹುಡುಗಿಯರನ್ನೂ ಕರೆದುಕೊಂಡು. ಕೆಂಪು ನೆಲ ಕಲ್ಲಾಗಿದೆ. ಬಿದ್ದರೆ ಮೊಣಕಾಲಿನ ತೊಗಲು ಉಳಿಯುವುದಿಲ್ಲ. ಗೋಲ್‌ಕೀಪರ್ ಕೇಶರಳಿಗೆ, ಡೈವ್ ಹೊಡೆಯಬೇಡ ಎಂದೆ. ಹೂಂ ಅಂದಳು. ಆಚೆ ತುದಿಯಿಂದ ಕುಬರಾ "ಹೊಡಿ!" ಎಂದು ಕೂಗಿದಳು. ಹೊಡೆದಳು.

ಫಿಸಿಕಲ್ ಡೈರೆಕ್ಟರ್ ನಾನು. ಕುಬರಾ ಸಹಾಯಕ ಕೋಚ್. ಕಾಗದದ ಮೇಲೆ.

ನೀರಿಲ್ಲವೆಂದು ಹಾಸ್ಟೆಲ್ ಬಂದ್ ಆಗಿ ವಾರವಾಯಿತು. ಹಾಸ್ಟೆಲ್‌ನಲ್ಲಿದ್ದ ನಾಲ್ಕು ಹುಡುಗಿಯರು, ಕೇಶರ ಸೇರಿ, ಊರಿಗೆ ಹೋಗಬೇಕಿತ್ತು. ಹೋಗಿಲ್ಲ. ದಿನಾ ಪ್ರ್ಯಾಕ್ಟೀಸಿಗೆ ಬರುತ್ತಾರೆ. ಎಲ್ಲಿದ್ದೀರಿ ಎಂದರೆ, "ಪಾವಣ್ಯಾರ ಮನ್ಯಾಗರಿ ಮೇಡಂ." ನಾಲ್ವರಿಗೂ ಒಂದೇ ನೆಂಟರ ಮನೆಯೇ? ಮುಖ ಮುಖ ನೋಡಿಕೊಂಡರು.

ಕುಬರಾಗೆ ಫೋನ್ ಬಂತು. ಬೇವಿನ ಗಿಡದ ಹಿಂದೆ ಹೋಗಿ ಮಾತಾಡಿದಳು. ನಾನು ಹತ್ತಿರ ಹೋದಾಗ ಕಟ್ ಮಾಡಿದಳು.

ಮೂರು ವರ್ಷದಲ್ಲಿ ಇವಳು ಮೂರನೆಯ ಸಹಾಯಕ ಕೋಚ್. ಮೊದಲನೆಯವನು ಕಲಬುರಗಿಯ ಶಾಲೆಗೆ ಹೋದ — ಎಂಟು ಚೆಂಡು ಸಮೇತ. ಎರಡನೆಯವಳು ದಸರಾ ರಜೆಗೆ ಹೋದವಳು ಬರಲೇ ಇಲ್ಲ. ಈ ಲಕ್ಷಣಗಳು ನನಗೆ ಗೊತ್ತು.

ಮಾರ್ಚ್ ೧೯, ಶನಿವಾರ

ಗ್ರೌಂಡಿನ ಚೌಕೀದಾರ ಮಕ್ಬೂಲ ಚಹಾ ತಂದಾಗ ತಾನಾಗಿಯೇ ಹೇಳಿದ. "ನಿನ್ನಿ ಭಾಲ್ಕಿ ಬಸ್‌ಸ್ಟ್ಯಾಂಡಿನ್ಯಾಗ ನಮ್ಮ ಕುಬರಾನ ನೋಡ್ದೆರಿ. ಯಾರೋ ದೊಡ್ಡ ಗಾಡಿಯವ್ರು ಬಿಟ್ಟು ಹೋದ್ರು."

"ಯಾವ ಗಾಡಿ?"

"ಬಿಳಿ ಗಾಡಿರಿ. ಹಿಂದ ಕಾಲೇಜಿನ ಹೆಸರು ಬರದಿತ್ತು."

ಭಾಲ್ಕಿಯ ಹೊಸ ಕಾಲೇಜು. ಬೇಳೆ ಮಿಲ್ಲಿನ ಸೇಠರ ಟ್ರಸ್ಟು. ಈ ವರ್ಷ ಹುಡುಗಿಯರ ಫುಟ್‌ಬಾಲ್ ಟೀಮು ಕಟ್ಟುತ್ತಾರೆಂದು ಕೇಳಿದ್ದೆ. ನಿನ್ನೆ ಶುಕ್ರವಾರ. ಅಮ್ಮನಿಗೆ ಜ್ವರ ಎಂದು ರಜೆ ಹಾಕಿದ್ದಳು.

ಮಧ್ಯಾಹ್ನ ಅವಳೇ ಬಂದಳು. ಒಂದು ಅರ್ಜಿ ಕೊಟ್ಟಳು. ಪ್ರಿನ್ಸಿಪಾಲರಿಗೆ, ನನ್ನ ಮುಖಾಂತರ. ನಾಲ್ಕು ಆಟಗಾರ್ತಿಯರಿಗೆ ಹಾಸ್ಟೆಲ್‌ನ ಎರಡು ಕೋಣೆ ತೆರೆಯಬೇಕು, ವಾರಕ್ಕೊಂದು ಟ್ಯಾಂಕರ್ ಸಾಕು. ಆಗದಿದ್ದರೆ ತನ್ನ ಗೌರವಧನ ಸ್ವಲ್ಪ ಹೆಚ್ಚಿಸಬೇಕು, ರಜೆಯ ಎರಡು ತಿಂಗಳೂ ಕೊಡಬೇಕು.

"ಲಗೂನ ಕಳಸ್ರಿ ಮೇಡಂ. ಭಾಳ ಜರೂರ್ ಅದ."

ಇಷ್ಟು ಅವಸರ ಏಕೆ? ಭಾಲ್ಕಿಗೆ ಹೋಗಿ ಬಂದ ಮರುದಿನವೇ? ಒಂದು ಕೈಯಲ್ಲಿ ಅಲ್ಲಿಯ ಆಫರ್ ಹಿಡಿದು ಇನ್ನೊಂದು ಕೈಯಲ್ಲಿ ನಮ್ಮನ್ನು ಎಳೆಯುತ್ತಿದ್ದಾಳೆ. ಹುಡುಗಿಯರ ಹೆಸರು ಮುಂದಿಟ್ಟು.

ಅರ್ಜಿ ನನ್ನ ಟೇಬಲ್ಲಿನ ಡ್ರಾದಲ್ಲಿದೆ. ನೋಡೋಣ.

ಮಾರ್ಚ್ ೨೯, ಮಂಗಳವಾರ

ಹಾವಗೆಪ್ಪನವರು ಗ್ರೌಂಡಿಗೆ ಬಂದಿದ್ದರು. ಕುಬರಾಳ ಗೌರವಧನ ಕೊಡುವವರು ಇವರು. ಕಾಲೇಜಿನ ಬಜೆಟ್ಟಿನಲ್ಲಿ ಸಹಾಯಕ ಕೋಚ್ ಎಂಬ ಹುದ್ದೆಯೇ ಇಲ್ಲ. ತಿಂಗಳಿಗೆ ಎಂಟು ಸಾವಿರ, ಹತ್ತು ತಿಂಗಳು. ಅವರು ಕೈ ಎತ್ತಿದರೆ ಹುದ್ದೆಯೂ ಎದ್ದುಹೋಗುತ್ತದೆ.

ಬೋರ್‌ವೆಲ್ ಗಾಡಿಗಳ ಮಾಲೀಕರು. ಎರಡಿದ್ದವು ಈಗ ಐದಾಗಿವೆ. ಅವರೇ ಹೇಳಿದರು, ತಗ್ಗಿದ ದನಿಯಲ್ಲಿ: "ಮಳಿ ಹೋದ ಮ್ಯಾಲ ನಮ್ಮ ದಂಧಾ ಬೆಳದದ ಮೇಡಂ. ಹಗಲಿ ರಾತ್ರಿ ಕರೀತಾರ. ಈ ರೊಕ್ಕ ಮನ್ಯಾಗ ಇಟ್ಕೊಳ್ಳಾಕ ಮನಸ್ಸು ಒಪ್ಪಂಗಿಲ್ಲ. ಅದಕ್ಕ ಕೊಡ್ತೇನಿ."

ಕೆಟ್ಟ ಮನುಷ್ಯನಲ್ಲ. ಆದರೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುವಾಗ ಜರ್ಸಿಯ ಮೇಲಿನ ತಮ್ಮ ತಂದೆಯ ಹೆಸರು ಕಾಣುತ್ತದೆಯೇ ಎಂದು ಎರಡು ಸಲ ನೋಡಿದರು. ಕುಬರಾ ಫೋಟೋದಲ್ಲಿ ನಿಲ್ಲಲಿಲ್ಲ. ಕೋನ್‌ಗಳನ್ನು ಎತ್ತಿಡುತ್ತಿದ್ದಳು. ಏಕೆ ನಿಲ್ಲಲಿಲ್ಲ? ನಾಳೆ ಭಾಲ್ಕಿಯವರು ಈ ಫೋಟೋ ನೋಡಬಾರದೆಂದೇ?

ಹೋಗುವಾಗ ಹಾವಗೆಪ್ಪನವರು ಕೇಳಿದರು, "ಅರ್ಜಿ ಗಿರ್ಜಿ ಏನರೆ ಅದ ಏನ್ರಿ, ಮೀಟಿಂಗಿಗೆ?"

"ಸದ್ಯಕ್ಕೆ ಏನಿಲ್ಲರಿ" ಎಂದೆ.

ಸುಳ್ಳಲ್ಲ. ಸದ್ಯಕ್ಕೆ ಎಂದೆ.

ಏಪ್ರಿಲ್ ೧೦, ಭಾನುವಾರ

ಮಾಡಬಾರದ ಕೆಲಸ ಮಾಡಿದೆ. ಬರೆದಿಡುತ್ತೇನೆ.

ನೌಬಾದದ ನನ್ನ ಮನೆಯ ಹತ್ತಿರದ ಸ್ಟಾಪಿನಲ್ಲಿ ತರಕಾರಿ ತರಲು ನಿಂತಿದ್ದೆ. ಭಾಲ್ಕಿ ಬಸ್ ಬಂತು. ಕಿಟಕಿಯಲ್ಲಿ ಕುಬರಾ. ಹಿಂದಿನ ಬಾಗಿಲಿನಿಂದ ಹತ್ತಿದೆ. ತಲೆಯ ಮೇಲೆ ಸೆರಗು ಹೊದ್ದು ಕೊನೆಯ ಸೀಟಿನಲ್ಲಿ ಕೂತೆ. ಐವತ್ಮೂರನೇ ವಯಸ್ಸಿನಲ್ಲಿ ಕಳ್ಳಿಯ ಹಾಗೆ.

ಭಾಲ್ಕಿಯಲ್ಲಿ ಅವಳು ನೇರ ಆ ಕಾಲೇಜಿಗೆ ನಡೆದಳು. ನಾನು ಗೇಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಿಂತೆ. ಕಾಂಪೌಂಡ್ ಗೋಡೆ ಗಿಡ್ಡ. ಎಲ್ಲಾ ಕಾಣುತ್ತದೆ. ಅವರ ಸೆಕ್ರೆಟರಿ ಹೊರಗೆ ಬಂದ. ಇಬ್ಬರೂ ಹಾಸ್ಟೆಲ್ ಕಡೆ ಹೋದರು. ಅವಳು ನೀರಿನ ತೊಟ್ಟಿಯ ಮುಚ್ಚಳ ತೆಗೆಸಿ ಒಳಗೆ ಬಗ್ಗಿ ನೋಡಿದಳು. ಬೆರಳು ಮಡಿಚಿ ಏನೋ ಲೆಕ್ಕ ಹೇಳಿದಳು. ಆತ ಮೂರು ಬೆರಳು ತೋರಿಸಿದ. ಅವಳು ನಾಲ್ಕು. ಆತ ತಲೆ ಅಲ್ಲಾಡಿಸಿ ಮತ್ತೆ ಮೂರು. ಬಹಳ ಹೊತ್ತು ನಡೆಯಿತು.

ಮೂರೇನು, ನಾಲ್ಕೇನು? ಪಗಾರ ಹೆಚ್ಚಿಸುವ ಚೌಕಾಸಿ ಇರಬೇಕು. ಅಥವಾ ನಮ್ಮ ಟೀಮಿನಿಂದ ಎಷ್ಟು ಹುಡುಗಿಯರನ್ನು ತರುತ್ತೀ ಎಂದು ಕೇಳುತ್ತಿರಬೇಕು. ಮೈ ಉರಿಯಿತು.

ಬರುವಾಗ ಬೇರೆ ಬಸ್ಸು. ಬಿಸಿಲಿಗೆ ತಲೆನೋವು. ತರಕಾರಿ ತರಲಿಲ್ಲ.

ಏಪ್ರಿಲ್ ೧೨

ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಹೇಳುವವಳಾಗಿದ್ದರೆ ಇಷ್ಟರಲ್ಲಿ ಹೇಳುತ್ತಿದ್ದಳು. ಒಂದೇ ಒಂದು ಮಾತು ಕೇಳಿದಳು — "ಅರ್ಜಿದು ಏನರೆ ಆಯ್ತೇನ್ರಿ ಮೇಡಂ?"

"ಮೀಟಿಂಗ್ ಆಗಲಿ" ಎಂದೆ.

ತಲೆ ಆಡಿಸಿ ಹೋದಳು. ಅವಳ ಬ್ಯಾಗಿನಿಂದ ಎರಡು ಕಿಲೋ ಬೇಳೆಯ ಪಾಕೀಟು ಇಣುಕುತ್ತಿತ್ತು. ಮನೆಯಲ್ಲಿ ಇರುವವರು ತಾಯಿ, ಮಗಳು. ಇಷ್ಟು ಬೇಳೆ ಯಾರಿಗೆ? ಬೇಳೆ ಮಿಲ್ಲಿನ ಸೇಠರು ಕೊಟ್ಟು ಕಳಿಸಿದರೋ?

ಏಪ್ರಿಲ್ ೨೩, ಶನಿವಾರ

ಮೀಟಿಂಗ್ ಆಯಿತು. ಪ್ರಿನ್ಸಿಪಾಲ್ ಶಿವರಾಜಪ್ಪನವರ ಚೇಂಬರ್. ಅವರು, ಹಾವಗೆಪ್ಪನವರು, ನಾನು, ಅಕೌಂಟೆಂಟು. ಕೂಲರ್ ಇದೆ, ಅದಕ್ಕೆ ಹಾಕಲು ನೀರಿಲ್ಲ.

ಕ್ರೀಡೆಗೆ ಕಾಲೇಜಿನ ಬಜೆಟ್ ಹೋದ ವರ್ಷದಷ್ಟೇ. ಅದರಲ್ಲೂ ಟ್ಯಾಂಕರಿಗೆಂದು ಕಾಲುಭಾಗ ಕಿತ್ತುಕೊಂಡರು. ಉಳಿದದ್ದು ಹಾವಗೆಪ್ಪನವರ ಕೈಯಲ್ಲಿ. ಅವರು ಈ ಸಲ ದೊಡ್ಡ ಮೊತ್ತ ಕೊಡಲು ಬಂದಿದ್ದರು. ಭಾಲ್ಕಿಯ ಸೇಠರು ಟೀಮು ಕಟ್ಟುತ್ತಿದ್ದಾರೆಂದು ಅವರ ಕಿವಿಗೂ ಬಿದ್ದಿದೆ. ತಾವು ಹಿಂದೆ ಬೀಳಬಾರದು.

ಶಿವರಾಜಪ್ಪನವರು ನಕ್ಷೆ ಬಿಚ್ಚಿದರು. ಪೆವಿಲಿಯನ್. ಹನ್ನೆರಡು ಮೆಟ್ಟಿಲು, ಮೇಲೆ ಶೀಟು, ನಡುವೆ ಕಲ್ಲಿನಲ್ಲಿ ಹಾವಗೆಪ್ಪನವರ ತಂದೆಯ ಹೆಸರು.

"ಪಗಾರಕ್ಕ ಕೊಟ್ಟ ರೊಕ್ಕ ಕಾಣಂಗಿಲ್ಲರಿ ಸಾಹುಕಾರ್ರ" ಎಂದರು. "ತಿಂಗಳಾ ತಿಂಗಳಾ ಹೋಗ್ತದ. ಪೆವಿಲಿಯನ್ ನಿಂತಿರ್ತದ."

ಹಾವಗೆಪ್ಪನವರು ನಕ್ಷೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಸುಮಿತ್ರಾಬಾಯಿಯವ್ರ, ನೀವು ಹೇಳ್ರಿ. ಆ ಹುಡುಗಿ ಚಂದ ಕಲಸ್ತಾಳಂತ. ಕಟ್ಟಡ ಮುಂದಿನ ವರ್ಷನೂ ಕಟ್ಟಬಹುದು. ಪಗಾರ ದೀಡಪಟ್ಟು, ಹನ್ನೆರಡು ಸಾವಿರ ಮಾಡಿದ್ರ ಆಕಿ ಇಲ್ಲೇ ನಿಲ್ತಾಳೇನು?"

ಅವರು ನಿಜವಾಗಿ ಕೇಳಿದರು. ಉತ್ತರಕ್ಕೆ ಕಾದರು.

ಹೌದು ಎಂದರೆ ಆಗುತ್ತಿತ್ತು. ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎಂದರೂ ಆಗುತ್ತಿತ್ತು.

"ಖಾತ್ರಿ ಇಲ್ಲರಿ" ಎಂದೆ. "ಆಕಿ ಭಾಲ್ಕಿಗೆ ಹೋಗಿ ಬರ್ಲತ್ತಾಳ."

ಹಾವಗೆಪ್ಪನವರ ಮುಖ ಸಣ್ಣದಾಯಿತು. ಶಿವರಾಜಪ್ಪನವರು, ಹಾಗಾದರೆ ಜೂನಿಗೆ ಬೇರೆಯವರನ್ನು ನೋಡೋಣ ಎಂದು ಬರೆದುಕೊಂಡರು. ಪೆವಿಲಿಯನ್ ಪಾಸಾಯಿತು. ಪೇಡೆ ಹಂಚಿದರು.

ಅರ್ಜಿ ಡ್ರಾದಲ್ಲೇ ಇದೆ.

ಏಪ್ರಿಲ್ ೨೫

ಸರಿಯಾಗಿಯೇ ಹೇಳಿದೆ. ಕಣ್ಣಾರೆ ಕಂಡದ್ದನ್ನೇ ಹೇಳಿದೆ.

ಮೇ ೧೬, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಪರೀಕ್ಷೆ ಡ್ಯೂಟಿ.

ಕುಬರಾ ಸೀಟಿ, ಸ್ಟಾಪ್‌ವಾಚು, ಸ್ಟೋರಿನ ಕೀಲಿ ತಂದು ಟೇಬಲ್ಲಿನ ಮೇಲಿಟ್ಟಳು. ಚೆಂಡು ಇಪ್ಪತ್ತೆರಡು, ಎಣಿಸಿಕೊಳ್ಳಿರಿ ಎಂದಳು. ಎಣಿಸಿದೆ. ಇಪ್ಪತ್ತೆರಡೇ ಇದ್ದವು.

"ಜೂನ್‌ಗೆ ಬ್ಯಾರೇದವ್ರು ಬರ್ತಾರಂತ ಪ್ರಿನ್ಸಿಪಾಲ್ ಸರ್ ಹೇಳ್ಯಾರ. ಅದಕ್ಕ ಭಾಲ್ಕಿಯವ್ರಿಗೆ ಹೂಂ ಅಂದೆ ಮೇಡಂ."

"ಮೊದಲೇ ಹೂಂ ಅಂದಿದ್ದಿಯಲ್ಲ?"

ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಅರ್ಥವಾಗದವರ ಹಾಗೆ ನೋಡಿದಳು. "ಇಲ್ರಿ. ಮೊನ್ನೆ ಅಂದೆ."

ಮೂವರು ಹುಡುಗಿಯರು ಅವಳೊಂದಿಗೆ ಭಾಲ್ಕಿಗೆ. ಟಿ.ಸಿ. ಕೇಳಿದ್ದಾರೆ. ನನಗೆ ಗೊತ್ತಿತ್ತು!

"ಕೇಶರ?"

"ಪರೀಕ್ಷಾ ಮುಗೀತಲ್ರಿ. ನಿನ್ನಿ ಹೈದರಾಬಾದಿಗೆ ಹೋದ್ಳು, ಅವ್ವ ಅಪ್ಪನ ಕಡಿ. ಬಿಲ್ಡಿಂಗ್ ಕೆಲಸದಾಗ." ಬಾಗಿಲ ಕಡೆ ತಿರುಗಿ ನಿಂತಿದ್ದಳು. "ಇನ್ನ ಬರಂಗಿಲ್ಲ ಅಂದಾಳ."

ಮೇ ೧೮, ಬುಧವಾರ

ಅವಳು ಬಿಟ್ಟುಹೋದ ಸ್ವೆಟರ್ ಕೊಡುವ ನೆಪ. ಚೌಬಾರದ ಹಿಂದಿನ ಓಣಿಗೆ ಹೋದೆ. ಕುಬರಾ ಇರಲಿಲ್ಲ. ತಾಯಿ ಮುನ್ನಿಬೀ ಇದ್ದರು. ಒಂದೇ ಕೋಣೆ, ಮುಂದೊಂದು ಪಡಸಾಲೆ. ಪಡಸಾಲೆಯಲ್ಲಿ ನಾಲ್ಕು ಚಾಪೆ ಸುತ್ತಿಟ್ಟಿದ್ದವು. ಗೋಡೆಯ ಮೊಳೆಗೆ ನಮ್ಮ ಟೀಮಿನ ಸಾಕ್ಸು ಒಣಗುತ್ತಿದ್ದವು.

ಕೇಳುವ ಮೊದಲೇ ಅವರೇ ಹೇಳಿದರು. "ಎರಡ ತಿಂಗಳ ನಾಲ್ಕ ಹುಡಿಗ್ಯಾರು ಇಲ್ಲೇ ಇದ್ರಲ್ಲರಿ ಬಾಯಿ. ಹಾಸ್ಟೆಲ್ ಬಂದ್ ಆಯ್ತು, ಊರಾಗ ಮನಿಗೆ ಕೀಲಿ. ಹೋಗ್ಬೇಕು ಎಲ್ಲಿಗಿ? ಪರೀಕ್ಷಾ ಬಿಟ್ಟು ಇಟ್ಟಂಗಿ ಹೊರಾಕ ಹೋಗೋದೇನು? ನನ್ನ ಮಗಳು ಕರ್ಕೊಂಡ ಬಂದ್ಳು. ನಾ ರೊಟ್ಟಿ ಬಡದೆ. ನೀರ ಮಾತ್ರ ಭಾಳ ತ್ರಾಸ ಆಯ್ತು."

"ನನಗ ಯಾಕ ಹೇಳ್ಲಿಲ್ಲ?"

"ಹುಡಿಗ್ಯಾರನ್ನ ಮನ್ಯಾಗ ಇಟ್ಕೊಂಡಾಳ ಅಂದ್ರ ಮಂದಿ ಒಂದಕ್ಕ ಎರಡ ಮಾತಾಡ್ತಾರಂತ ಅಂಜಿದ್ಳು. ಅರ್ಜಿ ಕೊಟ್ಟಿದ್ಳಲ್ಲರಿ, ಎರಡ ಖೋಲಿ ಕೊಡ್ರಿ ಅಂತ. ನಿಮ್ಮ ದೊಡ್ಡ ಮಂದಿ ಜವಾಬೇ ಕೊಡ್ಲಿಲ್ಲಂತ. ಭಾಲ್ಕಿಯವ್ರು ಎರಡ ಸಲ ಗಾಡಿ ಕಳಿಸಿದ್ರು. ಈಕಿ, 'ನಮ್ಮ ಮೇಡಂ ಅರ್ಜಿ ಕಳಸ್ಯಾರ, ಜವಾಬು ಬರೂತನಾ ತಡೀರಿ' ಅಂತ ಅಂದ್ಳು. ನಾಲ್ಕ ಹುಡಿಗ್ಯಾರಿಗಿ ಜಾಗಾ ಕೇಳಿದ್ರ ಅವ್ರು ಮೂರೇ ಮಂಚ ಅಂದ್ರು. ನಾಲ್ಕನೇದಕಿ ಕೇಶರ. ತಾನೇ ಹಿಂದ ಸರದ್ಳು ಪಾಪ."

ಮೂರು ಬೆರಳು. ನಾಲ್ಕು ಬೆರಳು.

ಮುನ್ನಿಬೀ ನೀರು ಕೊಟ್ಟರು. ಗ್ಲಾಸಿನ ಅರ್ಧ. ಕುಡಿಯಲಾಗಲಿಲ್ಲ. ಚೆಲ್ಲಲೂ ಆಗಲಿಲ್ಲ. ಕೊನೆಗೆ ಕುಡಿದೆ.

ಅರ್ಜಿಯ ವಿಷಯ ನಾಲಗೆಯ ತುದಿಯವರೆಗೆ ಬಂತು. ಹೇಳಲಿಲ್ಲ. ಸ್ವೆಟರ್ ಇಟ್ಟು ಎದ್ದುಬಂದೆ.

ಮೇ ೧೯

ನಿಜವಾದ ಕಾರಣ ಬರೆದುಬಿಡಬೇಕು. ನಾನು ಖೋ-ಖೋ ಆಡಿದವಳು. ಫುಟ್‌ಬಾಲ್ ಪುಸ್ತಕ ನೋಡಿ ಕಲಿಸಿದವಳು. ಆ ಹುಡುಗಿಯರು ಚೆಂಡು ತಪ್ಪಿದಾಗ ತಿರುಗಿ ನೋಡುತ್ತಿದ್ದದ್ದು ಅವಳನ್ನು. ಒಂದು ಸಲವೂ ನನ್ನನ್ನಲ್ಲ. ಭಾಲ್ಕಿಯ ಬಿಳಿ ಗಾಡಿ ಆಮೇಲೆ ಬಂದದ್ದು.

ಜೂನ್ ೯, ಗುರುವಾರ

ಪೆವಿಲಿಯನ್ ಭೂಮಿಪೂಜೆ. ಮೋಡ ಇತ್ತು, ಹನಿಯಲಿಲ್ಲ. ಹಾವಗೆಪ್ಪನವರು ಸಪತ್ನೀಕರಾಗಿ ಬಂದಿದ್ದರು. ಹೊಸ ಸಹಾಯಕ ಕೋಚ್ ಪರಿಚಯವಾಯಿತು — ಶಿವರಾಜಪ್ಪನವರ ಭಾಮೈದನ ಮಗ. ಬಾಡಿ ಬಿಲ್ಡಿಂಗ್ ಮಾಡಿದ್ದಾನೆ. ಆಫ್‌ಸೈಡ್ ಗೊತ್ತೇ ಎಂದು ಕೇಳಿದೆ. "ಕಲ್ಕೋತೇನ್ರಿ" ಎಂದ. ಗೌರವಧನ ಹತ್ತು ಸಾವಿರ, ಹನ್ನೆರಡೂ ತಿಂಗಳು. ಅಂದರೆ ಕೊಡಲು ಇತ್ತು.

ಹಾವಗೆಪ್ಪನವರು ಗ್ರೌಂಡಿನ ಕಡೆ ನೋಡಿ ಕೇಳಿದರು, "ಹುಡಿಗ್ಯಾರು ಎಲ್ಲಿ ಹೋದ್ರು ಮೇಡಂ? ಫೋಟೋಕ್ಕ ಕರೀರಿ."

ಒಂಬತ್ತು ಮಂದಿ ಇದ್ದರು.

"ಇಷ್ಟೇ ಏನ್ರಿ?"

"ಇಷ್ಟೇರಿ."

ಜೂನ್ ೨೧, ಮಂಗಳವಾರ

ಎರಡು ದಿನದಿಂದ ಮಳೆ. ಬೆಳಗ್ಗೆ ಅರ್ಜಿ ತೆಗೆದುಕೊಂಡು ಶಿವರಾಜಪ್ಪನವರ ಚೇಂಬರಿಗೆ ಹೋದೆ. ಮಾರ್ಚಿನಲ್ಲಿ ಬಂದದ್ದು, ನಾನೇ ಇಟ್ಟುಕೊಂಡಿದ್ದೆ, ತಪ್ಪು ನನ್ನದು, ಬರವಣಿಗೆಯಲ್ಲಿ ಕೊಡುತ್ತೇನೆ ಎಂದೆ.

ಕನ್ನಡಕ ಹಾಕಿ ಓದಿದರು. ತೆಗೆದರು. "ಈಗ ಇದನ್ನ ತಗೊಂಡು ನಾ ಏನ್ ಮಾಡ್ಲಿರಿ? ಕಳಿಸಿದ್ರೂ ನಾ ಒಪ್ತಿರ್ಲಿಲ್ಲ. ಹೋಗ್ರಿ, ಮನಸಿಗೆ ಹಚ್ಕೋಬ್ಯಾಡ್ರಿ."

ಸಮಾಧಾನಕ್ಕೆ ಹೇಳಿದರೋ, ನಿಜವೋ? ನಿಜವಿದ್ದರೆ ನನ್ನ ತಪ್ಪು ಕಡಿಮೆಯಾಗುತ್ತದೆಯೇ? ಹಾವಗೆಪ್ಪನವರು ಒಪ್ಪುತ್ತಿದ್ದರು. ಅವರು ಕೇಳಿದ್ದರು. ನನ್ನನ್ನೇ ಕೇಳಿದ್ದರು.

ಮಕ್ಬೂಲ ಹೇಳಿದ, ಮಳೆಯಾದದ್ದಕ್ಕೆ ಔರಾದ ಕಡೆಯವರು ಬಿತ್ತನೆಗೆಂದು ಹಿಂದಿರುಗುತ್ತಿದ್ದಾರಂತೆ. ಬಸ್‌ಸ್ಟ್ಯಾಂಡ್ ತುಂಬ ಗಂಟುಮೂಟೆ. ಕೇಶರಳ ಊರೂ ಆ ಕಡೆಯದೇ.

ಜುಲೈ ೩, ಭಾನುವಾರ

ಔರಾದಿನವರೆಗೆ ಬಸ್ಸು, ಅಲ್ಲಿಂದ ಚಿಂತಾಕಿಗೆ ಟಂಟಂ ಆಟೋ. ಕೇಶರಳ ಮನೆ ಸಿಕ್ಕಿತು. ತಂದೆ ಪಂಢರಿ, ತಾಯಿ ಮೀರಾಬಾಯಿ ಬಂದು ಎಂಟು ದಿನವಾಗಿದೆಯಂತೆ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಪಕ್ಕದಲ್ಲಿ ಕೇಶರ ಶಾಲೆಯಲ್ಲಿ ಗೆದ್ದ ಕಪ್ಪು. ಪಂಢರಿ ಜೈಭೀಮ್ ಎಂದು ಹೊರಸಿನ ಮೇಲೆ ಕೂರಿಸಿದರು.

ಮೀರಾಬಾಯಿ ಕೂರಲಿಲ್ಲ. ಬಾಗಿಲಲ್ಲೇ ನಿಂತರು. "ಯಾಕ ಬಂದೀರಿ ಬಾಯಿ?"

"ಕೇಶರನ ಕರ್ಕೊಂಡ ಹೋಗಾಕ. ಎರಡನೇ ವರ್ಷಕ್ಕ ಹೆಸರು ಹಚ್ಚಬೇಕಲ್ಲ."

"ಕಾಲೇಜಿನವ್ರು ಕರೀತೀರಿ, ನೀರಿಲ್ಲಂತ ಬಾಗಿಲಾ ಹಾಕ್ತೀರಿ. ಹುಡಿಗಿ ನಿಮ್ಮ ಕಪ್ಪಿಗಿ ಬೇಕಾಗ್ಯಾಳೇನು, ಓದ್ಸಾಕೋ?"

ಸರಿಯಾದ ಪ್ರಶ್ನೆ. ಮನೆಯಿಂದ ಹೊರಟಾಗ ನಾನು ಕಪ್ಪಿಗಾಗಿಯೇ ಹೊರಟಿದ್ದೆ. ನಮ್ಮಲ್ಲಿ ಗೋಲ್‌ಕೀಪರ್ ಇಲ್ಲ.

"ನನ್ನ ಮನ್ಯಾಗೇ ಇರ್ಲಿ" ಎಂದೆ. "ನಾ ಒಬ್ಬಾಕಿನೇ ಇರೋದು. ಹಾಸ್ಟೆಲ್ ಸುದ್ದಿನೇ ಬ್ಯಾಡ."

ಪಂಢರಿ ಹೆಂಡತಿಯ ಮುಖ ನೋಡಿದರು. ಕೇಶರ ಹೊಲದಿಂದ ಬಂದಳು. ಅಂಗೈಗಳಲ್ಲಿ ಗಂಟು ಬಿದ್ದಿವೆ.

"ಕುಬರಾ ದೀದಿ ವಾಪಸ್ ಬಂದಾರೇನ್ರಿ?"

"ಇಲ್ಲವ್ವ. ಭಾಲ್ಕಿಯಾಗೇ ಇದ್ದಾಳ."

"ಹಂಗಾದ್ರ ನಾ ಭಾಲ್ಕಿಗೆ ಹೋಗ್ತೇನ್ರಿ ಮೇಡಂ. ಸಿಟ್ಟ ಮಾಡ್ಕೋಬ್ಯಾಡ್ರಿ."

ಸಿಟ್ಟು ಬಂತು. ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಷ್ಟು ದೂರ ಬಂದು ಇದನ್ನು ಕೇಳಬೇಕೇ ಎನ್ನಿಸಿತು. ಆಮೇಲೆ ಅವಳ ಅಂಗೈ ನೋಡಿದೆ.

"ಅಲ್ಲಿ ಮಂಚ ಇಲ್ಲಂತಲ್ಲ" ಎಂದೆ.

"ನೆಲದ ಮ್ಯಾಲ ಮಲ್ಕೋತೇನ್ರಿ."

ನಾಳೆಯದಲ್ಲ, ಮುಂದಿನ ಸೋಮವಾರ ನಾನೇ ಭಾಲ್ಕಿಗೆ ಬಿಟ್ಟು ಬರುವುದೆಂದು ಮಾತಾಯಿತು. ಮೀರಾಬಾಯಿ ಟಂಟಂವರೆಗೂ ಬಂದರು. ನಂಬಿದರೆಂದು ಅನ್ನಿಸಲಿಲ್ಲ. ನನ್ನ ಮನೆಯ ನಂಬರು, ಮಕ್ಬೂಲನ ನಂಬರು, ಕಾಲೇಜಿನ ನಂಬರು ಮೂರನ್ನೂ ಬರೆಸಿಕೊಂಡರು.

ಜುಲೈ ೧೧, ಸೋಮವಾರ. ಭಾಲ್ಕಿ, ಮಧ್ಯಾಹ್ನ ೩.೩೦

ಗ್ರೌಂಡಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಗೇಟಿನಲ್ಲಿ ನಮ್ಮನ್ನು ನೋಡಿದ ಕುಬರಾ ಓಡಿಬಂದು ಕೇಶರಳನ್ನು ತಬ್ಬಿಕೊಂಡಳು. ಆಮೇಲೆ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ನಿಂತಳು.

"ನೀವ್ಯಾಕ ಬಂದ್ರಿ ಮೇಡಂ? ಟಿ.ಸಿ. ಕೊಡಂಗಿಲ್ಲ ಅಂತ ಹೇಳಾಕೇನ್ರಿ?"

"ಟಿ.ಸಿ. ತಂದೀನಿ" ಎಂದೆ. ಬ್ಯಾಗಿನಿಂದ ತೆಗೆದುಕೊಟ್ಟೆ. ತಿರುಗಿಸಿ ತಿರುಗಿಸಿ ಸೀಲು ನೋಡಿದಳು. ನನ್ನ ಮೇಲೆ ಅನುಮಾನ. ಇರಲಿ.

ನಂತರ ಹೇಳಿದೆ. ಕೇಶರ ಎದುರಿಗಿದ್ದಳು, ಅವಳೂ ಕೇಳಲಿ ಎಂದೇ ಹೇಳಿದೆ. "ನಿನ್ನ ಅರ್ಜಿ ನಾ ಕಳಿಸಲೇ ಇಲ್ಲ ಕುಬರಾ. ಡ್ರಾದಾಗ ಇಟ್ಕೊಂಡಿದ್ದೆ. ಮೀಟಿಂಗಿನ್ಯಾಗ ನೀ ನಿಲ್ಲಂಗಿಲ್ಲ ಅಂದಾಕಿನೂ ನಾನೇ."

"ಓದಿದ್ರೇನ್ರಿ?"

"ಓದಿದ್ದೆ."

"ಪೂರಾ?"

"ಪೂರಾ."

ಕತ್ತಿನ ಸೀಟಿ ಎತ್ತಿ ಊದಿದಳು, ಬಹಳ ಜೋರಾಗಿ. ಹುಡುಗಿಯರೆಲ್ಲ ತಿರುಗಿ ನೋಡಿದರು. ನನಗೆ ಬೆನ್ನು ಮಾಡಿ ಪ್ರ್ಯಾಕ್ಟೀಸಿಗೆ ಹೋದಳು. ಕೇಶರ ಚೀಲ ನನ್ನ ಕಾಲ ಬಳಿ ಇಟ್ಟು ಗೋಲಿಗೆ ಹೋಗಿ ನಿಂತಳು. ಇಲ್ಲಿಯ ನೆಲ ಹಸಿಯಿದೆ. ನಾಲ್ಕು ಸಲ ಡೈವ್ ಹೊಡೆದಳು.

೪.೫೦

ಕುಬರಾ ಬಂದಳು. ಅಡ್ಮಿಷನ್ ಫಾರಂ ತಂದಿದ್ದಳು. ಮಂಚದ ಮಾತು ಸೆಕ್ರೆಟರಿಯ ಜೊತೆ ಆಡುವುದಿಲ್ಲವಂತೆ, ಕೇಶರ ತನ್ನ ಕೋಣೆಯಲ್ಲೇ ಇರುತ್ತಾಳಂತೆ. ಸೇಠರ ಮನಸ್ಸು ಇರುವವರೆಗೆ ಆ ಕೋಣೆ. ಆಮೇಲೆ? "ಆಮ್ಯಾಲಿಂದು ಆಮ್ಯಾಲರಿ" ಎಂದಳು.

ಫಾರಂನಲ್ಲಿ ಒಂದು ಜಾಗ ಖಾಲಿ ಇತ್ತು. ಸ್ಥಳೀಯ ಪಾಲಕರು. ಅದರ ಮೇಲೆ ಬೆರಳಿಟ್ಟಳು.

"ನಂದು ಆಗಂಗಿಲ್ಲಂತ. ನಾ ಪರ್ಮನೆಂಟ್ ಅಲ್ಲಲ್ರಿ. ನಿಮ್ಮದು ಸರಕಾರಿ ಪಗಾರ, ನಿಮ್ಮದು ನಡೀತದ. ಇಲ್ಲಿ ಬಾಗಿಲಾ ಹಾಕಿದ್ರ ಹುಡಿಗಿ ಸೀದಾ ನಿಮ್ಮ ಮನಿಗೇ ಬರ್ತಾಳ. ಓದಿ ಸಹಿ ಮಾಡ್ರಿ."

ಓದಿದೆ. ಸಹಿ ಮಾಡಿದೆ. ಫೋನ್ ನಂಬರು, ನೌಬಾದದ ಅಡ್ರೆಸ್ಸು.

ಕ್ಷಮಿಸಿದೆ ಎನ್ನಲಿಲ್ಲ ಅವಳು. ನಾನೂ ಕೇಳಲಿಲ್ಲ. ಫಾರಂ ಮಡಿಚಿ ಒಯ್ದಳು, ಸೆಕ್ರೆಟರಿ ಹೋಗುವ ಮೊದಲು ಕೊಡಬೇಕೆಂದು. ಅರ್ಧ ದಾರಿಯಲ್ಲಿ ನಿಂತು ಕೂಗಿದಳು — "ಐದೂವರಿ ಬಸ್ಸಿಗೆ ಗದ್ದಲ ಇರ್ತದರಿ, ಈಗಿಂದಾ ಹಿಡೀರಿ!"

ಈಗಿನ ಬಸ್ಸು ಹೋಗಲಿ. ಗೋಲಿನ ಹಿಂದೆ ಕೇಶರ ಬೂಟಿನ ಲೇಸು ಕಟ್ಟುತ್ತಿದ್ದಾಳೆ, ಹಳೆಯ ಬೂಟು, ಅಟ್ಟೆ ಬಾಯಿ ಬಿಟ್ಟಿದೆ. ಹೊಸದು ಯಾರು ಕೊಡಿಸುತ್ತಾರೆ? ಸೇಠರೇ? ಅವರು ಕೊಡಿಸಿದರೆ ಅದರ ಮೇಲೆ ಯಾರ ಹೆಸರು ಬರೆಸುತ್ತಾರೋ. ನಾಳೆ ನಾನೇ ಬೀದರಿನಲ್ಲಿ ನೋಡಬೇಕು, ಅಳತೆ ಕೇಳಿಕೊಳ್ಳಬೇಕು, ಐದೋ ಆರೋ. ಕರೆದೆ. ಎದ್ದು ಬರುತ್ತಿದ್ದಾಳೆ, ಹಿಂದೆ ಕುಬರಾ ಕೂಡ, ಏನೋ ಕೂಗುತ್ತ. ಡೈರಿ ಮುಚ್ಚುತ್ತೇನೆ.